ಕಿವಿಯ ಮುಂದಿನ ಗಂಟು

ಬೆಂಗಳೂರಿನ ಪುಟ್ಟೇನಹಳ್ಳಿ ಕೆರೆಯ ಏರಿಯ ಮೇಲೆ ಸಂಜೆ ಕಾಲಿಡಲು ಜಾಗವಿರುವುದಿಲ್ಲ. ಹಿಂದೆ ಜೆ.ಪಿ. ನಗರ ಏಳನೇ ಹಂತದ ಅಪಾರ್ಟ್‌ಮೆಂಟುಗಳು, ಮುಂದೆ ನೀರಲ್ಲಿ ನಾಮದ ಕೋಳಿ, ನೀರುಕಾಗೆ. 2010ರಲ್ಲಿ ಇಲ್ಲಿನ ನಿವಾಸಿಗಳೇ ಟ್ರಸ್ಟ್ ಕಟ್ಟಿಕೊಂಡು ಉಳಿಸಿಕೊಂಡ ಕೆರೆ.

ಬೆಂಚಿನ ಮೇಲೆ ಅರವತ್ತು ದಾಟಿದ ಹೆಂಗಸೊಬ್ಬರು. ಬಲಗೆನ್ನೆ ಮುಚ್ಚುವಂತೆ ಸೆರಗು ಹೊದ್ದಿದ್ದಾರೆ. ಗಾಳಿಗೆ ಅದು ಸರಿದಾಗ ಗೆರೆ ಕಾಣುತ್ತದೆ: ಕಿವಿಯ ಮುಂದೆ ಶುರುವಾಗಿ, ಓಲೆಯ ಕೆಳಗೆ ಬಳಸಿ, ಕತ್ತಿನ ಮಡಿಕೆಗೆ ಇಳಿದಿದೆ. ಸುತ್ತಲ ಚರ್ಮ ಕಪ್ಪಿಟ್ಟಿದೆ.

"ಅತ್ತೆ, ಒಂದೊಂದೇ ಗುಟುಕು ಕುಡೀರಿ," ಸೊಸೆ ಬಾಟಲಿ ಕೊಡುತ್ತಾಳೆ. ಬಾಯಿಯ ಬಲಮೂಲೆಯಲ್ಲಿ ನೀರು ಸೋರುತ್ತದೆ. ಸೆರಗಿನ ಅಂಚು ಕೇಳದೆಯೇ ಅಲ್ಲಿಗೆ ಹೋಗುತ್ತದೆ.

ಇವರ ಕಾಯಿಲೆಯ ಹೆಸರು ಮಯೋಎಪಿಥೀಲಿಯಲ್ ಕಾರ್ಸಿನೋಮ. ಜೊಲ್ಲುಗ್ರಂಥಿಯ ಪುಟ್ಟ ಚೀಲಗಳನ್ನು ಹೊರಗಿನಿಂದ ತಬ್ಬಿ, ಕುಗ್ಗಿ, ಜೊಲ್ಲನ್ನು ನಾಳಕ್ಕೆ ಹಿಂಡುವ ಜೀವಕೋಶಗಳಿವೆ. ಅವುಗಳಲ್ಲಿ ಹುಟ್ಟುವ ಕ್ಯಾನ್ಸರ್ ಇದು. ಆ ಗ್ರಂಥಿಗಳ ಗಡ್ಡೆಗಳಲ್ಲಿ ನೂರಕ್ಕೆ ಒಂದೋ ಎರಡೋ ಸಿಕ್ಕರೆ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಪ್ರತ್ಯೇಕ ಕಾಯಿಲೆಯೆಂದು ಪಟ್ಟಿಗೆ ಸೇರಿಸಿದ್ದೇ 1991ರಲ್ಲಿ.

ಗಂಟು ಸಾಮಾನ್ಯವಾಗಿ ನೋಯುವುದಿಲ್ಲ. ನೋಯದ್ದನ್ನು ನಮ್ಮ ಮನೆಗಳಲ್ಲಿ ಯಾರು ಡಾಕ್ಟರಿಗೆ ತೋರಿಸುತ್ತಾರೆ? ಸೂಜಿ ಪರೀಕ್ಷೆಯಲ್ಲೂ ಎಷ್ಟೋ ಸಲ ಇದು ಸಾಧು ಗಡ್ಡೆಯ ವೇಷದಲ್ಲೇ ಕಾಣಿಸಿಕೊಳ್ಳುತ್ತದೆ. ಹಾಗಾಗಿ ಈ ಕಾಯಿಲೆಯಲ್ಲಿ ನಾನು ಮೊದಲು ಕೈಮುಗಿಯುವುದು ರೋಗಿಯ ಕಣ್ಣಿಗೇ ಬೀಳದ ಪೆಥಾಲಜಿಸ್ಟರಿಗೆ. ಮೇಣದ ಬ್ಲಾಕಿನಲ್ಲಿ ಹುದುಗಿಸಿಟ್ಟ ಗಡ್ಡೆಯ ಚೂರನ್ನು ಎಳೆಎಳೆಯಾಗಿ ಸೀಳಿ, ಗಾಜಿನ ಮೇಲೆ ಹರಡಿ, ಎಸ್-100, ಪಿ63, ಕ್ಯಾಲ್ಪೋನಿನ್ ಎಂದು ಒಂದೊಂದೇ ಬಣ್ಣದ ಪರೀಕ್ಷೆ ಮಾಡುತ್ತಾರೆ. ಎಲ್ಲೆಲ್ಲಿ ಕಂದು ಬಣ್ಣ ಏರಿತೆಂಬುದನ್ನು ಕೂಡಿಸಿ ನೋಡಿದಾಗ ಕಾಯಿಲೆಯ ಹೆಸರು ಹೊರಬೀಳುತ್ತದೆ. ಎರಡನೇ ಅಭಿಪ್ರಾಯಕ್ಕೆ ಹೋಗುವವರು ರಿಪೋರ್ಟಿನ ಹಾಳೆಯೊಂದನ್ನೇ ಹಿಡಿದು ಹೋಗಬಾರದು. ಸ್ಲೈಡು, ಬ್ಲಾಕು ಕೇಳಿ ಪಡೆಯಬೇಕು.

ಚಿಕಿತ್ಸೆಯ ಭಾರವೆಲ್ಲ ಮೊದಲ ಆಪರೇಷನ್ ಮೇಲೆ. ಅಂಚಿನಲ್ಲಿ ಒಂದು ಕಣವೂ ಉಳಿಯದಂತೆ ತೆಗೆಯಬೇಕು. ಆದರೆ ಮುಖದ ನರ ಕಿವಿಯ ಮುಂದಿನ ಈ ಜೊಲ್ಲುಗ್ರಂಥಿಯೊಳಗೇ ಐದು ಕವಲಾಗಿ ಹಾಯುತ್ತದೆ: ಹಣೆ, ಕಣ್ಣು, ಕೆನ್ನೆ, ತುಟಿ, ಕತ್ತು. ಗಡ್ಡೆ ಕವಲೊಂದನ್ನು ನುಂಗಿದ್ದರೆ ಅದನ್ನೂ ಕತ್ತರಿಸಿ ತೆಗೆಯಬೇಕಾಗುತ್ತದೆ. ಈ ತಾಯಿಯ ತುಟಿಯ ಮೂಲೆ ಜೋತಿರುವುದು ಹಾಗೆ.

ಆಮೇಲೆ ಹೆಚ್ಚಿನವರಿಗೆ ಕರೆಂಟು, ಅಂದರೆ ರೇಡಿಯೇಷನ್. ಇಲ್ಲಿಂದ ಬನ್ನೇರುಘಟ್ಟ ರಸ್ತೆ ಹಿಡಿದು ಡೇರಿ ಸರ್ಕಲ್ ದಾಟಿದರೆ 1973ರಲ್ಲಿ ಶುರುವಾದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ. ನಾಡಿನ ಮೂಲೆಮೂಲೆಯಿಂದ ಬಂದವರು ಚೀಟಿ ಹಿಡಿದು ಕಾಯುವ ಜಾಗ. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಲರಿಯನ್ನು ಮುಖದ ಮೇಲೆ ಎಳೆದು ಕೂರಿಸುತ್ತಾರೆ. ಕೆಲವೇ ನಿಮಿಷದಲ್ಲಿ ಅದು ಮೂಗು, ಗಲ್ಲದ ಅಚ್ಚಿಗೆ ಗಟ್ಟಿಯಾಗುತ್ತದೆ. ವಾರಕ್ಕೆ ಐದು ದಿನದಂತೆ ಸುಮಾರು ಆರು ವಾರ, ಅದೇ ಮುಖವಾಡದಡಿ ಅಲುಗಾಡದೆ ಮಲಗಬೇಕು. ಬಾಯಿ ಒಣಗುತ್ತದೆ, ಅನ್ನ ರುಚಿಗೆಡುತ್ತದೆ.

ಕೀಮೋಥೆರಪಿಯನ್ನು ನೆಚ್ಚಿಕೊಳ್ಳುವಷ್ಟು ಆಧಾರ ಈ ಕ್ಯಾನ್ಸರಿನಲ್ಲಿ ಇನ್ನೂ ಇಲ್ಲ. ಹರಡಿದರೆ ಹೆಚ್ಚಾಗಿ ಶ್ವಾಸಕೋಶಕ್ಕೆ, ಅದೂ ಕೆಲವೊಮ್ಮೆ ವರ್ಷಗಳಾದ ಮೇಲೆ. ಹಾಗಾಗಿ ಗಾಯ ಮಾಗಿದರೂ ತಪಾಸಣೆ ತಪ್ಪಿಸುವಂತಿಲ್ಲ.

"ಸೋಮವಾರ ಎದೆ ಸಿ.ಟಿ. ಇದೆ ಅತ್ತೆ. ಹಳೇ ಫಿಲಂ ಎತ್ತಿಟ್ಟಿದೀನಿ."

"ಆ ಬ್ಲಾಕೂ ಇಟ್ಕೊಳ್ಳಮ್ಮ. ಕೇಳಿದ್ರೆ ಕೊಡೋಣ."