ವಾರಕ್ಕೆ ಎರಡು ತಾಸು ಬಯಲಿನಲ್ಲಿ

ಮಠಕ್ಕೆ ಬರುವ ಸದ್ಭಕ್ತರು ತಮ್ಮ ಆರೋಗ್ಯದ ವಿಷಯ ಹೇಳಿಕೊಳ್ಳುವಾಗ ಈಚಿನ ವರ್ಷಗಳಲ್ಲಿ ಕೆಲವು ಮಾತುಗಳು ಮೇಲಿಂದ ಮೇಲೆ ಕೇಳಿಬರುತ್ತಿವೆ. ರಾತ್ರಿ ನಿದ್ರೆ ಬಾರದು. ರಕ್ತದಲ್ಲಿ ಸಕ್ಕರೆಯ ಪ್ರಮಾಣ ಏರಿದೆ. ನಾಲ್ಕನೆಯ ತರಗತಿಯ ಮಗುವಿಗೆ ಆಗಲೇ ಕನ್ನಡಕ ಬಂದಿದೆ. ಇವುಗಳ ಕಾರಣಗಳು ಬೇರೆ ಬೇರೆ, ಚಿಕಿತ್ಸೆಯೂ ಬೇರೆ ಬೇರೆ. ಆದರೂ ಇವೆಲ್ಲಕ್ಕೂ ಸಂಬಂಧಿಸಿದ ಒಂದು ಅಂಶವುಂಟು. ಹೊಲದಲ್ಲಿ ದುಡಿಯುವವರನ್ನು ಬಿಟ್ಟರೆ ನಮ್ಮಲ್ಲಿ ಬಹುಜನರ ದಿನವು ಸೂರಿನ ಕೆಳಗೇ ಕಳೆಯುತ್ತದೆ. ಅಂಗಡಿ, ಕಚೇರಿ, ಶಾಲೆಯ ಕೋಣೆ, ಟಿ.ವಿ. ಇರುವ ಪಡಸಾಲೆ, ಇವುಗಳ ನಡುವೆ ಓಡಾಡಲು ಒಂದು ವಾಹನ. ದೇವಸ್ಥಾನದ ಗುಡ್ಡಕ್ಕೂ ಈಗ ಮೆಟ್ಟಿಲು ಹತ್ತಿ ಹೋಗುವವರು ಕಡಿಮೆ. ಬಾಗಿಲ ತನಕ ವಾಹನದಲ್ಲಿ ಹೋಗಿ, ದರ್ಶನ ಮುಗಿಸಿ, ಹಾಗೆಯೇ ಮರಳುತ್ತೇವೆ.

ವರ್ಷಕ್ಕೊಮ್ಮೆ ದೂರದ ಪ್ರವಾಸ ಮಾಡುವವರೂ ಹತ್ತಿರದ ಗುಡ್ಡ, ಕೆರೆ, ಕಾಡಿನ ಅಂಚುಗಳಲ್ಲಿ ವಾರಕ್ಕೆ ಎರಡು ತಾಸು ಕಳೆಯುವ ರೂಢಿ ಮಾಡಿಕೊಳ್ಳಬೇಕು. ಪಥ್ಯದಂತೆ ಇದೂ ತಪ್ಪದೆ ನಡೆದರೆ ಮಾತ್ರ ಫಲ ಕೊಡುತ್ತದೆ.

ಎರಡು ತಾಸಿನ ಲೆಕ್ಕ

2019ರಲ್ಲಿ ಇಂಗ್ಲೆಂಡಿನ ಸುಮಾರು 20 ಸಾವಿರ ಜನರ ಮಾಹಿತಿಯನ್ನು ಆಧರಿಸಿದ ಅಧ್ಯಯನವೊಂದು ಪ್ರಕಟವಾಯಿತು. ವಾರಕ್ಕೆ 120 ನಿಮಿಷಗಳಿಗೆ ಕಡಿಮೆಯಿಲ್ಲದಂತೆ ಉದ್ಯಾನ, ಕಾಡು, ನೀರಿನ ತೀರಗಳಲ್ಲಿ ಕಳೆದವರಲ್ಲಿ, ಹಾಗೆ ಹೋಗದವರಿಗಿಂತ ಹೆಚ್ಚು ಜನ ತಮ್ಮ ಆರೋಗ್ಯ ಚೆನ್ನಾಗಿದೆಯೆಂದು ಹೇಳಿದರು. ಈ ಅವಧಿಯನ್ನು ಒಂದೇ ಸಲ ಕಳೆದರೂ, ನಾಲ್ಕಾರು ಬಾರಿ ಹಂಚಿಕೊಂಡರೂ ವ್ಯತ್ಯಾಸ ಕಾಣಲಿಲ್ಲ. ಆರೋಗ್ಯವಂತರೇ ಹೆಚ್ಚು ಹೊರಗೆ ಹೋಗುತ್ತಿರಬಹುದು. ಆದ್ದರಿಂದ ಇದನ್ನು ಪೂರ್ಣ ಪ್ರಮಾಣವೆಂದು ತಿಳಿಯಲಾಗದು. ಆದರೆ ಬೇರೆ ಆಧಾರಗಳೂ ಇದೇ ದಿಕ್ಕಿಗೆ ಕೈತೋರುತ್ತವೆ. ಅಮೆರಿಕದ ರೋಜರ್ ಉಲ್ರಿಚ್ ಎಂಬ ಸಂಶೋಧಕರು 1984ರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಗೊಳಗಾದ 46 ರೋಗಿಗಳ ದಾಖಲೆಗಳನ್ನು ಹೋಲಿಸಿದರು. ಕಿಟಕಿಯಿಂದ ಮರಗಳು ಕಾಣುತ್ತಿದ್ದವರು, ಇಟ್ಟಿಗೆಯ ಗೋಡೆ ಮಾತ್ರ ಕಾಣುತ್ತಿದ್ದವರಿಗಿಂತ ಬೇಗ ಮನೆಗೆ ಮರಳಿದ್ದರು. ತೀವ್ರ ನೋವುನಿವಾರಕಗಳ ಬಳಕೆಯೂ ಅವರಲ್ಲಿ ಕಡಿಮೆಯಿತ್ತು.

ದೇಹಕ್ಕೆ ಆಗುವ ಲಾಭ

ಮೊದಲನೆಯದು ಬೆಳಕು. ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎನ್ನುವರು. ದೀಪ ಹಚ್ಚಿದ ಕೋಣೆಯಲ್ಲಿ ಸಾಮಾನ್ಯವಾಗಿ 500 ಲಕ್ಸ್‌ಗಿಂತ ಹೆಚ್ಚು ಬೆಳಕಿರುವುದಿಲ್ಲ. ಮೋಡ ಕವಿದ ಹಗಲಿನಲ್ಲಿಯೂ ಹೊರಗೆ ಹಲವು ಸಾವಿರ ಲಕ್ಸ್ ಇರುತ್ತದೆ. ಮುಂಜಾನೆಯ ಈ ಬೆಳಕು ಕಣ್ಣಿನ ಮೂಲಕ ಮೆದುಳಿಗೆ ಹಗಲಾಯಿತೆಂಬ ಸೂಚನೆ ಕೊಡುತ್ತದೆ. ಅದರಿಂದ ರಾತ್ರಿ ನಿದ್ರೆ ತರುವ ಸ್ರಾವವೂ ಸಕಾಲಕ್ಕೆ ಉಂಟಾಗುತ್ತದೆ. ಬೆಳೆಯುವ ಮಕ್ಕಳಲ್ಲಿ ಹೊರಗಿನ ಬೆಳಕು ಕಣ್ಣುಗುಡ್ಡೆಯು ಅತಿಯಾಗಿ ಉದ್ದವಾಗುವುದನ್ನು ತಡೆಯಲು ನೆರವಾಗುತ್ತದೆ. ಸಮೀಪದೃಷ್ಟಿ ದೋಷ ಬರುವುದು ಹೀಗೆ ಕಣ್ಣುಗುಡ್ಡೆ ಉದ್ದವಾಗುವುದರಿಂದಲೇ. ತೈವಾನ್ ದೇಶದ ಶಾಲೆಗಳಲ್ಲಿ ಮಕ್ಕಳನ್ನು ದಿನಕ್ಕೆ ಎರಡು ತಾಸು ಹೊರಗಿರಿಸುವ ಕಾರ್ಯಕ್ರಮವನ್ನೇ ಕೈಗೊಂಡಿದ್ದಾರೆ. ಮಕ್ಕಳಿಗೆ ವಾರದ ಎರಡು ತಾಸು ಸಾಲದು. ದಿನವೂ ಹೊರಗಿನ ಆಟ ಬೇಕು.

ಎಳೆಬಿಸಿಲಿನಿಂದ ಡಿ ಜೀವಸತ್ವ ಧಾರಾಳವಾಗಿ ದೊರೆಯುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಸೂರ್ಯನು ಕೆಳಗಿರುವಾಗ ಅದಕ್ಕೆ ಬೇಕಾದ ಕಿರಣಗಳು ನಮ್ಮನ್ನು ತಲುಪುವುದು ಅತ್ಯಲ್ಪ. ಬಿಸಿಲು ಸ್ವಲ್ಪ ಏರಿದ ಮೇಲೆ ಕೈ, ಮುಖಗಳಿಗೆ ಕೆಲವು ನಿಮಿಷ ಅದು ತಾಗಬೇಕು. ಬೆಳಿಗ್ಗೆ ಎಂಟಕ್ಕೆ ಹೊರಟು ಹತ್ತರ ಬಳಿಕ ಮರಳಿದರೆ ಎರಡೂ ಲಾಭ ದೊರೆಯುತ್ತವೆ. ಬೇಸಿಗೆಯಲ್ಲಿ ಇನ್ನೂ ಬೇಗ ಹೊರಟು ಬೇಗ ಮರಳುವುದೇ ಕ್ಷೇಮ.

ಎರಡನೆಯದು ನೆಲ. ಗುಡ್ಡದ ಕಾಲುದಾರಿಯಲ್ಲಿ ಪ್ರತಿ ಹೆಜ್ಜೆಯೂ ಬೇರೆ. ಪಾದ, ಹಿಮ್ಮಡಿಗಂಟು, ತೊಡೆಗಳ ಸ್ನಾಯುಗಳು ದೇಹವನ್ನು ಸಮತೋಲನದಲ್ಲಿಡಲು ಸತತವಾಗಿ ಶ್ರಮಿಸುತ್ತವೆ. ಮುಪ್ಪಿನಲ್ಲಿ ಬಿದ್ದು ಸೊಂಟದ ಎಲುಬು ಮುರಿದುಕೊಳ್ಳುವ ಅಪಾಯವನ್ನು ತಗ್ಗಿಸುವುದು ಇಂತಹ ಬಲವೇ. ನಡೆಯುವಾಗ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಬಳಸಿಕೊಳ್ಳುವುದರಿಂದ ಮಧುಮೇಹಿಗಳಿಗೂ ಇದು ಹಿತ. ವಯಸ್ಕರು ವಾರಕ್ಕೆ 150 ನಿಮಿಷಗಳಾದರೂ ಸಾಧಾರಣ ಶ್ರಮದ ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗುಡ್ಡದ ಎರಡು ತಾಸಿನ ನಡಿಗೆ ಅದರ ಬಹುಪಾಲನ್ನು ಪೂರೈಸುತ್ತದೆ.

ನಮ್ಮ ಸುತ್ತಲಿನ ತಾಣಗಳು

ಗದಗ, ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವು ಔಷಧೀಯ ಸಸ್ಯಗಳಿಗೆ ಹೆಸರಾದುದು. ಎಪ್ಪತ್ತು ಗಿರಿಗಳನ್ನು ನೋಡುವುದಕ್ಕಿಂತ ಕಪ್ಪತಗಿರಿಯೊಂದನ್ನು ನೋಡುವುದು ಮೇಲೆಂಬ ಅರ್ಥದ ಮಾತು ಈ ಭಾಗದಲ್ಲಿ ಬಳಕೆಯಲ್ಲಿದೆ. 2019ರಲ್ಲಿ ಇದರ ಸುಮಾರು 244 ಚದರ ಕಿಲೋಮೀಟರ್ ಪ್ರದೇಶವನ್ನು ಸರ್ಕಾರ ವನ್ಯಜೀವಿ ಧಾಮವೆಂದು ಘೋಷಿಸಿತು. ತೋಳ, ಕತ್ತೆಕಿರುಬ, ಚಿರತೆ, ಕೊಂಡಕುರಿಗಳು ಇಲ್ಲಿವೆ. ಮಳೆಗಾಲದಲ್ಲಿ ಗುಡ್ಡ ಹಸಿರುಡುತ್ತದೆ. ನಡಿಗೆಗೆ ಆಗಿನಿಂದ ಚಳಿಗಾಲ ಮುಗಿಯುವವರೆಗೆ ಒಳ್ಳೆಯ ಕಾಲ.

ಏರಲಾಗದ ಹಿರಿಯರಿಗೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಯ ದಂಡೆ ಅನುಕೂಲ. ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳು ಇಲ್ಲಿ ಸಾವಿರಗಟ್ಟಲೆ ಇಳಿಯುತ್ತವೆ. 2024ರಲ್ಲಿ ಈ ಕೆರೆಗೆ ಅಂತರರಾಷ್ಟ್ರೀಯ ಮಹತ್ವದ ರಾಮ್‌ಸರ್ ತಾಣವೆಂಬ ಮನ್ನಣೆ ದೊರೆತಿದೆ. ಹಾವೇರಿ ಜಿಲ್ಲೆಯವರಿಗೆ 119 ಚದರ ಕಿಲೋಮೀಟರ್ ವಿಸ್ತಾರದ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಸಮೀಪದಲ್ಲಿದೆ. ಇವು ಯಾವುವೂ ಹತ್ತಿರವಿಲ್ಲದಿದ್ದರೆ ಊರ ಕೆರೆಯ ಏರಿಯಾದರೂ ಸರಿ, ಬೇವಿನ ಮರಗಳ ಸಾಲಾದರೂ ಸರಿ. ಮನೆಯ ತಾಯಂದಿರನ್ನು ಮಾತ್ರ ಬುತ್ತಿ ಕಟ್ಟುವ ಕೆಲಸಕ್ಕೆ ಬಿಟ್ಟು ಹೋಗಬಾರದು. ಹೊರಗಿನ ಬೆಳಕು ಅತ್ಯಂತ ಕಡಿಮೆ ದೊರೆಯುವುದು ಹೆಚ್ಚಾಗಿ ಅವರಿಗೇ.

ಹೊರಡುವ ಮುನ್ನ

ಹೃದ್ರೋಗ, ಅಧಿಕ ರಕ್ತದೊತ್ತಡ ಉಳ್ಳವರು ವೈದ್ಯರನ್ನು ಕೇಳಿ ಹೊರಡಬೇಕು. ಎದೆ ಬಿಗಿದರೆ, ಉಸಿರು ಮೀರಿದರೆ, ತಲೆ ತಿರುಗಿದರೆ ಕೂಡಲೇ ನಿಂತು ನೆರವು ಪಡೆಯಬೇಕು. ಇನ್ಸುಲಿನ್ ಅಥವಾ ಸಕ್ಕರೆ ತಗ್ಗಿಸುವ ಮಾತ್ರೆ ತೆಗೆದುಕೊಳ್ಳುವವರು ಬರಿ ಹೊಟ್ಟೆಯಲ್ಲಿ ನಡೆಯದೆ, ಬೆಲ್ಲ ಇಲ್ಲವೆ ಗ್ಲೂಕೋಸ್ ಜೊತೆಗಿಟ್ಟುಕೊಳ್ಳಬೇಕು. ಬೆವರು, ನಡುಕ ಕಂಡರೆ ಅದನ್ನು ತಿಂದು ಕುಳಿತುಕೊಳ್ಳಬೇಕು. ಮೊಣಕಾಲು ನೋವಿರುವವರಿಗೆ ಏರುವುದಕ್ಕಿಂತ ಇಳಿಯುವುದು ಕಷ್ಟ, ಕೈಯಲ್ಲಿ ಊರುಗೋಲಿರಲಿ.

ಕಾಲು ಮುಚ್ಚುವ ಪಾದರಕ್ಷೆ ತೊಟ್ಟು, ಹುಲ್ಲಿನಲ್ಲಿ ನುಗ್ಗದೆ, ಕಾಣುವ ದಾರಿಯಲ್ಲಿಯೇ ನಡೆಯಬೇಕು. ಹಾವು ಕಚ್ಚಿದರೆ ಗಾಯವನ್ನು ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ನಾಟಿ ಮದ್ದು ಹಚ್ಚುವುದು ಸಲ್ಲದು. ಕಚ್ಚಿದ ಅಂಗವನ್ನು ಅಲುಗಾಡಿಸದೆ, ವಿಷನಿರೋಧಕ ಚುಚ್ಚುಮದ್ದು ಇರುವ ಆಸ್ಪತ್ರೆಗೆ ತಡಮಾಡದೆ ಒಯ್ಯಬೇಕು. ಜೇನುಗೂಡಿನ ಸಮೀಪ ಹೊಗೆ, ಗದ್ದಲ ಮಾಡಬಾರದು. ಕತ್ತಲಾಗುವ ಮೊದಲೇ ಕಾಡಿನ ಅಂಚನ್ನು ಬಿಡಬೇಕು. ವನ್ಯಧಾಮದ ಒಳಗೆ ಹೋಗಲು ಅರಣ್ಯ ಇಲಾಖೆಯ ನಿಯಮಗಳನ್ನು ಮೊದಲೇ ವಿಚಾರಿಸಿ ಪಾಲಿಸಬೇಕು.

ಗುಡ್ಡದ ಆರೋಗ್ಯ

ಕಪ್ಪತಗುಡ್ಡದ ಒಡಲಲ್ಲಿ ಅದಿರು ಇದೆ. ಅದರ ಮೇಲೆ ಗಣಿಗಾರಿಕೆಯ ಕಣ್ಣೂ ಇದ್ದೇ ಇದೆ. ಅದು ಇಂದು ಗುಡ್ಡವಾಗಿ ನಿಂತಿರುವುದರ ಹಿಂದೆ ರೈತರು, ಪರಿಸರಾಸಕ್ತರು, ಮಠಾಧೀಶರು ಒಟ್ಟಾಗಿ ನಡೆಸಿದ ಹೋರಾಟವಿದೆ. ಹಾಗೆ ಉಳಿಸಿಕೊಂಡ ಗುಡ್ಡಕ್ಕೆ ನಮ್ಮಂಥ ಸಂದರ್ಶಕರಿಂದಲೇ ಹಾನಿಯಾಗಬಾರದು. ಬೇಸಿಗೆಯ ಒಣಹುಲ್ಲಿಗೆ ಒಂದು ಬೀಡಿಯ ಕಿಡಿ ಸಾಕು. ನೂರಾರು ಎಕರೆ ಸುಟ್ಟು, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮರಿಗಳೂ ಬೂದಿಯಾಗುತ್ತವೆ. ಔಷಧಿಯೆಂದು ಯಾರೋ ಹೇಳಿದ ಬಳ್ಳಿಯನ್ನು ಬೇರುಸಹಿತ ಕೀಳುವುದೂ ತಪ್ಪೇ. ಸರಿಯಾಗಿ ಗುರುತಿಸದ ಬೇರು ವಿಷವೂ ಆಗಬಹುದು. ಕಿತ್ತ ಸಸ್ಯ ಮರಳಿ ಹುಟ್ಟದೆಯೂ ಹೋಗಬಹುದು. ಪ್ಲಾಸ್ಟಿಕ್ ತಟ್ಟೆ, ಬಾಟಲಿಗಳನ್ನು ತಂದವರೇ ಮರಳಿ ಒಯ್ಯಬೇಕು.

ಬರುವ ಅಮಾವಾಸ್ಯೆಗೋ ಸೋಮವಾರಕ್ಕೋ ಗುಡ್ಡದ ಮೇಲಿನ ದೇವಸ್ಥಾನಕ್ಕೆ ಹೋಗುವ ಸದ್ಭಕ್ತರು ವಾಹನವನ್ನು ಬುಡದಲ್ಲಿಯೇ ನಿಲ್ಲಿಸಿ, ಶಕ್ತಿಯಿದ್ದಷ್ಟು ದೂರ ನಡೆದು ಏರಲಿ. ದಣಿವಾದಲ್ಲಿ ನೆರಳು ನೋಡಿ ಕುಳಿತು, ನೀರು ಕುಡಿದು, ದೂರದ ಹೊಲಗಳ ಕಡೆಗೆ ಸ್ವಲ್ಪ ಹೊತ್ತು ಕಣ್ಣು ಹಾಯಿಸಲಿ. ಮೊದಲ ವಾರ ಅರ್ಧ ತಾಸಾದರೂ ಸಾಕು. ತಿಂಗಳೊಳಗೆ ಅದನ್ನು ಎರಡು ತಾಸಿಗೆ ಏರಿಸಿಕೊಳ್ಳಬಹುದು.