ಅರ್ಜಿಯೇ ಮೊದಲ ವಾದ

ಕಾನೂನು ಪದವಿಯನ್ನು ಪಡೆದು, 1961ರ ವಕೀಲರ ಕಾಯಿದೆಯಂತೆ ರಾಜ್ಯ ವಕೀಲರ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿದ ಮಾತ್ರಕ್ಕೆ ಯಾರೂ ನುರಿತ ವಕೀಲರಾಗುವುದಿಲ್ಲ. ಹಿರಿಯ ವಕೀಲರ ಕಚೇರಿಯಲ್ಲಿ ಕಿರಿಯರಾಗಿ ದುಡಿದು ವೃತ್ತಿಯನ್ನು ಕಲಿಯಬೇಕು. ಆ ಅವಕಾಶವನ್ನು ಕೋರಿ ಬರೆಯುವ ಅರ್ಜಿಯೇ ಅವರ ಮೊದಲ ವಾದ.

ಸಾಕ್ಷ್ಯವಿಲ್ಲದ ಮಾತಿಗೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ, ಅರ್ಜಿಯಲ್ಲಿಯೂ ಇಲ್ಲ. ‘ನಾನು ಪರಿಶ್ರಮಿ’ ಎಂಬುದು ಬರಿಯ ಹೇಳಿಕೆ. ‘ಕಾಲೇಜಿನ ಕಾನೂನು ನೆರವು ಶಿಬಿರದಲ್ಲಿ ರೈತರ ಪಹಣಿಗಳನ್ನು ಪರಿಶೀಲಿಸಿ ಮನವಿಗಳನ್ನು ಸಿದ್ಧಪಡಿಸಿದ್ದೇನೆ’ ಎಂಬುದು ಆಧಾರ. ಭೂವ್ಯಾಜ್ಯಗಳನ್ನು ನಡೆಸುವ ವಕೀಲರಿಗೆ ಈ ಒಂದು ವಾಕ್ಯವು ಹತ್ತು ವಿಶೇಷಣಗಳಿಗಿಂತ ಮಿಗಿಲು. ತೆರಿಗೆಯ ಮೊಕದ್ದಮೆಗಳನ್ನು ನಡೆಸುವವರಿಗಾದರೋ ಬೇರೆಯ ಅನುಭವವನ್ನು ಮುಂದಿಡಬೇಕು. ಆದುದರಿಂದ ಒಂದೇ ಪತ್ರವನ್ನು ಎಲ್ಲರಿಗೂ ಕಳುಹಿಸುವುದು ತರವಲ್ಲ.

ಬಯಸುವ ಕೆಲಸ, ಅದಕ್ಕೆ ತಕ್ಕ ಅರ್ಹತೆ, ಆ ಕಚೇರಿಯನ್ನೇ ಆರಿಸಿದ ಕಾರಣ, ಈ ಮೂರೂ ಒಂದು ಪುಟದಲ್ಲಿ ಅಡಕವಾಗಬೇಕು. ಅಂಕಗಳ ವಿವರವು ಪ್ರತ್ಯೇಕ ಹಾಳೆಯಲ್ಲಿರಲಿ. ಅವಧಿ ಮೀರಿದ ದಾವೆಯು 1963ರ ಕಾಲಮಿತಿ ಕಾಯಿದೆಯಂತೆ ವಜಾ ಆಗುತ್ತದೆ. ತನ್ನ ಅರ್ಜಿಯಲ್ಲಿಯೇ ದಿನಾಂಕವನ್ನು ತಪ್ಪಾಗಿ ಬರೆದವರ ಕೈಗೆ ಕಕ್ಷಿದಾರರ ಕಡತವನ್ನು ಯಾರೂ ಒಪ್ಪಿಸರು.

ಇಲ್ಲದ ಅನುಭವವನ್ನು ಬರೆಯುವುದಂತೂ ಸಲ್ಲದು. ಕಕ್ಷಿದಾರನು ತನ್ನ ಮನೆ, ಜಮೀನು, ಕೆಲವೊಮ್ಮೆ ಸ್ವಾತಂತ್ರ್ಯವನ್ನೇ ವಕೀಲರ ಮಾತಿಗೆ ಒಪ್ಪಿಸುತ್ತಾನೆ. ಆ ಮಾತಿನ ಸತ್ಯವು ಅರ್ಜಿಯಲ್ಲಿಯೇ ಮೊದಲಾಗಬೇಕು.