ಬಿಸಿಲ ನಾಡಿನಲ್ಲಿ ಸೀತೆದಂಡೆ

ಆರ್ಕಿಡ್ ಎಂದೊಡನೆ ಪಟ್ಟಣಿಗರಾದ ನಮ್ಮ ಕಣ್ಣ ಮುಂದೆ ಬರುವುದು ಮದುವೆಯ ಮಂಟಪಕ್ಕೆ ಸಿಕ್ಕಿಸಿದ ನೇರಳೆ ಬಣ್ಣದ ಹೂಗೊಂಚಲು. ಇಲ್ಲವೆ ಗಾಜಿನ ಮನೆಯೊಳಗೆ ಸಿರಿವಂತರ ಆರೈಕೆಯಲ್ಲಿ ಬಾಳುವ ಒಂದು ಸುಕುಮಾರ ಸಸ್ಯ. ಆದರೆ ವಂಡ್ಸೆಯಿಂದ ಕೊಲ್ಲೂರಿನ ಕಡೆಗೆ ಹೋಗುವ ದಾರಿಯಲ್ಲಿ, ಮೊದಲ ಮಳೆ ಬೀಳುವ ಆಸುಪಾಸಿನ ದಿನಗಳಲ್ಲಿ, ಹಳೆಯ ಮಾವಿನ ಕೊಂಬೆಯಿಂದ ಬಿಳಿಯ ಮೇಲೆ ನಸುನೇರಳೆ ಚಿಮುಕಿಸಿದಂಥ ಹೂದಂಡೆ ಜೋತಾಡುವುದನ್ನು ಕಂಡವರು ಅದನ್ನು ಆರ್ಕಿಡ್ ಎಂದು ಕರೆಯುವುದಿಲ್ಲ. ಅದು ನಮಗೆ ಸೀತೆದಂಡೆ. ವನವಾಸದಲ್ಲಿ ಸೀತೆ ಮುಡಿದ ದಂಡೆಯೆಂದು ಹಿರಿಯರು ಹೇಳುತ್ತಿದ್ದರು. ಇಂಗ್ಲಿಷಿನವರು ಇದೇ ಹೂವಿಗೆ ನರಿಬಾಲವೆಂದು ಹೆಸರಿಟ್ಟಿದ್ದಾರೆ. ಸಾದೃಶ್ಯವೇನೋ ಸರಿ, ರುಚಿಯ ಮಾತು ಬೇರೆ. ದೂರದ ಅಸ್ಸಾಮಿನಲ್ಲಿ ಇದು ಕಪೌ ಫೂಲ್. ಬಿಹು ಹಬ್ಬದಲ್ಲಿ ಕುಣಿಯುವ ಹೆಣ್ಣುಮಕ್ಕಳ ಮುಡಿಗೆ ಇದೇ ಭೂಷಣ, ಆ ರಾಜ್ಯದ ರಾಜ್ಯಪುಷ್ಪವೂ ಇದೇ.

ಆರ್ಕಿಡ್ ಎಂಬ ಮಾತು ಗ್ರೀಕರದು. ನೆಲದಲ್ಲಿ ಬೆಳೆಯುವ ಕೆಲವು ಜಾತಿಗಳ ಜೋಡಿಗೆಡ್ಡೆಯನ್ನು ಕಂಡು ಅವರು ಇಟ್ಟ ಆ ಹೆಸರಿನ ಅರ್ಥವನ್ನು ಬಾನುಲಿಯಲ್ಲಿ ಬಿಡಿಸಿ ಹೇಳಲು ನನಗೆ ಸಂಕೋಚ. ನಿಘಂಟು ಇದ್ದವರು ನೋಡಿಕೊಳ್ಳಬಹುದು. ನಮ್ಮ ಕರಾವಳಿಯ ಮಾತು ಇದಕ್ಕಿಂತ ಮರ್ಯಾದೆಯದು. ಕೊಚ್ಚಿಯ ಡಚ್ ಅಧಿಕಾರಿ ವಾನ್ ರೀಡ್ 1678ರಿಂದ 1693ರವರೆಗೆ ಆಮ್‌ಸ್ಟರ್‌ಡಾಮಿನಲ್ಲಿ 12 ಸಂಪುಟಗಳಾಗಿ ಅಚ್ಚು ಹಾಕಿಸಿದ 'ಹೊರ್ತುಸ್ ಮಲಬಾರಿಕುಸ್' ಗ್ರಂಥದಲ್ಲಿ ಮರದ ಮೇಲಿನ ಈ ಗಿಡಗಳಿಗೆಲ್ಲ 'ಮರವಾಳ' ಎಂಬ ಮಲೆಯಾಳದ ಹೆಸರಿದೆ. ನಮ್ಮ 'ಮರಬಾಳೆ'ಯ ಒಡಹುಟ್ಟು ಅದು. ರಂಗ ಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟ ಎಂಬ ಮೂವರು ಕೊಂಕಣಿ ವೈದ್ಯರು ಆ ಗ್ರಂಥಕ್ಕೆ ನೆರವಾದವರು. ಸೀತೆದಂಡೆ ಅಲ್ಲಿ ಹೆಬ್ಬಲಸಿನ ಮರವಾಳವಾಗಿ ಬಂದು, ಅದರ ಆಧಾರದ ಮೇಲೆಯೇ 1753ರಲ್ಲಿ ಲಿನೇಯಸ್ಸನಿಂದ ಲ್ಯಾಟಿನ್ ಹೆಸರನ್ನು ಪಡೆಯಿತು.

ಆದರೂ ಈ ಗಿಡಕ್ಕೊಂದು ಅಪವಾದ ಅಂಟಿಕೊಂಡಿದೆ. ಮರದ ಮೇಲೆ ಬೇರೊಂದು ಹಸುರು ಕಂಡರೆ ಅದು ಬಂದಣಿಕೆಯೆಂದು ಕತ್ತಿಯಲ್ಲಿ ಹೆರೆದು ಹಾಕುವವರುಂಟು. ಬಂದಣಿಕೆ ತಾನು ಕುಳಿತ ಮರದೊಳಕ್ಕೆ ಬೇರಿಳಿಸಿ ರಸವನ್ನು ಹೀರುತ್ತದೆ. ಸೀತೆದಂಡೆ ತೊಗಟೆಯನ್ನು ಹಿಡಿದುಕೊಳ್ಳುತ್ತದೆ, ಅಷ್ಟೇ. ಅದರ ಊಟ ಮಳೆನೀರು, ಗಾಳಿ, ತೊಗಟೆಯ ಸಂದಿನ ಕಸದ ಸಾರ. ಗೊಂದಲ ಹೊಸದಲ್ಲವೆನ್ನಿ. ಸಂಸ್ಕೃತದ 'ವಂದಾ' ಎಂಬುದು ಇಂಥ ಪರೋಪಜೀವಿ ಗಿಡದ ಹೆಸರು. ಕಲ್ಕತ್ತೆಯಲ್ಲಿ ನ್ಯಾಯಾಧೀಶನಾಗಿದ್ದ ವಿಲಿಯಂ ಜೋನ್ಸ್ ಅದನ್ನು ಒಂದು ಆರ್ಕಿಡ್ಡಿಗೆ ಹಚ್ಚಿದ, 1820ರಲ್ಲಿ ರಾಬರ್ಟ್ ಬ್ರೌನ್ ಅದನ್ನೇ ಕುಲನಾಮವಾಗಿ ನಿಲ್ಲಿಸಿದ. ನಮ್ಮ ಬಂದಣಿಕೆಯೂ ಈ ವಂದಾದ ಬಂಧುವಿರಬೇಕೆಂದು ನನ್ನ ಊಹೆ.

ವರ್ಷಕ್ಕೆ ಸುಮಾರು 4000 ಮಿಲಿಮೀಟರು ಮಳೆ ಸುರಿಯುವ ಊರಿನವನು ಒಣಹವೆಯ ಮಾತಾಡುವುದೇನೆಂದು ಕೇಳುಗರು ನಗಬಹುದು. ಆ ಮಳೆಯ ಬಹುಪಾಲು ನಾಲ್ಕು ತಿಂಗಳಲ್ಲಿ ಮುಗಿಯುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ, ಮಣ್ಣಿನ ಸಂಬಂಧವೇ ಇಲ್ಲದ ಗಿಡಕ್ಕೆ ಮಾವಿನ ಕೊಂಬೆಯೆಂದರೆ ಮರುಭೂಮಿ. ಆ ಆರು ತಿಂಗಳನ್ನು ಕಳೆಯುವುದಕ್ಕೆ ಪ್ರಕೃತಿ ಅದಕ್ಕೆ ಕೊಟ್ಟ ಉಪಾಯಗಳನ್ನು ತಿಳಿದರೆ ಬೆಳೆಸುವ ವಿದ್ಯೆ ಅರ್ಧ ತಿಳಿದಂತೆ. ಬೇರಿನ ಸುತ್ತ ಸ್ಪಂಜಿನಂಥ ಬಿಳಿಯ ಹೊದಿಕೆಯುಂಟು. ಹನಿ ಬಿದ್ದರೆ ಗಳಿಗೆಯಲ್ಲಿ ಹೀರಿ ಹಸುರಾಗುತ್ತದೆ, ಒಣಗಿದರೆ ಮತ್ತೆ ಬೆಳ್ಳಿಯಂತಾಗುತ್ತದೆ. ಎಲೆ ದಪ್ಪ. ಅದಕ್ಕಿಂತ ಸೋಜಿಗವೆಂದರೆ, ಇಂಥ ದಪ್ಪ ಎಲೆಯ ಜಾತಿಗಳು ಹಗಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತಂಪಾದ ಮೇಲೆ ತೆರೆದು, ಮರುದಿನದ ಆಹಾರಕ್ಕೆ ಬೇಕಾದ ಇಂಗಾಲದ ಡೈಆಕ್ಸೈಡನ್ನು ಒಳಗೆ ಕೂಡಿಟ್ಟುಕೊಳ್ಳುತ್ತವೆ. ಹಗಲಿನ ಬಿಸಿಲಿಗೆ ನೀರನ್ನು ಕಳೆದುಕೊಳ್ಳದಿರುವ ಜಾಣತನ ಇದು.

ಈ ವಿಷಯ ನನಗೆ ಗೊತ್ತಿದ್ದರೆ ಒಂದು ಗಿಡ ಉಳಿಯುತ್ತಿತ್ತು. 1989ರಲ್ಲಿ ಚಿತ್ರದುರ್ಗದ ಕಡೆಯ ಒಂದು ಊರಿನಲ್ಲಿ ನಾನು ಅಧ್ಯಾಪಕನಾಗಿದ್ದಾಗ ನನ್ನ ಮನೆಯಾಕೆ ವಂಡ್ಸೆಯ ಹತ್ತಿರದ ತನ್ನ ತವರಿನ ಮಾವಿನ ಮರದಿಂದ ಒಂದು ಸೀತೆದಂಡೆಯನ್ನು ತಂದಳು. ಬಯಲುಸೀಮೆಯ ಬಿಸಿಲಿಗೆ ಪಾಪ, ಬಾಯಾರೀತೆಂದು ನಾನೇ ಮುತುವರ್ಜಿ ವಹಿಸಿ ಕುಂಡದಲ್ಲಿ ಕೆಮ್ಮಣ್ಣು, ಸಗಣಿಗೊಬ್ಬರ ತುಂಬಿ ನೆಟ್ಟು ದಿನಕ್ಕೆ ಎರಡು ಸಲ ನೀರೆರೆದೆ. ಊರಿನಿಂದ ಬಂದಿದ್ದ ಅವಳ ಅಣ್ಣ ನೋಡಿ, "ಹ್ವಾಯ್ ಭಾವ, ಅದೆಂತ ಭತ್ತದ ಗದ್ದಿಯಾ?" ಎಂದರು. ಶಿವರಾತ್ರಿಯ ಹೊತ್ತಿಗೆ ಬೇರು ಕೊಳೆತು ಗಿಡ ಹೋಯಿತು. ಅವಳು ಏನೂ ಅನ್ನಲಿಲ್ಲ. ಕುಂಡವನ್ನು ತೊಳೆದು ತುಳಸಿ ನೆಟ್ಟಳು.

ಬಿಸಿಲೂರಿನ ಮನೆಗೆ ಯಾವ ಆರ್ಕಿಡ್ ತರಬೇಕು? ಅಂಗಡಿಯವರು ಮೊದಲು ತೋರಿಸುವುದು ಅಗಲ ಎಲೆಯ, ಚಿಟ್ಟೆಯಂಥ ಹೂವಿನ ಫಲೆನಾಪ್ಸಿಸ್. ಅದಕ್ಕೆ ನೆರಳೂ ತೇವದ ಗಾಳಿಯೂ ಬೇಕು. ಒಳಮನೆಯ ಪೂರ್ವದ ಕಿಟಕಿಯಿದ್ದರೆ ತರಬಹುದು, ಬಿಸಿಲು ತಾಗಿದರೆ ಎಲೆ ಸುಡುತ್ತದೆ. ತಂಪುನಾಡಿನ ಸಿಂಬಿಡಿಯಂ ಮಿಶ್ರತಳಿಗಳ ಆಸೆಯನ್ನು ಬಿಡುವುದೇ ಲೇಸು, ಚಳಿಯಿಲ್ಲದೆ ಅವು ಹೂ ಕೊಡಲಾರವು. ನಮಗೆ ಒದಗುವವು ಮೂರು: ಕಬ್ಬಿನ ಜಲ್ಲೆಯಂಥ ಕಾಂಡದಲ್ಲಿ ನೀರನ್ನು ಕೂಡಿಡುವ ಡೆಂಡ್ರೋಬಿಯಂ, ಬೆಳಕನ್ನು ಬಯಸುವ ಕ್ಯಾಟ್ಲಿಯಾ, ಮತ್ತು ವಾಂಡಾ. ಹೊಸಬರಿಗೆ ಡೆಂಡ್ರೋಬಿಯಂ. ವಾಂಡಾದ ಬೇರು ಬಯಲಲ್ಲಿ ಜೋತಾಡುವುದರಿಂದ ಬೇಸಿಗೆಯಲ್ಲಿ ದಿನವೂ ನೀರು ಕೇಳುತ್ತದೆ, ಮನೆಗೆ ಬೀಗ ಹಾಕಿ ಊರಿಗೆ ಹೋಗುವವರಿಗೆ ಅದು ಹೇಳಿದ್ದಲ್ಲ.

ಮಣ್ಣು ಸರ್ವಥಾ ಕೂಡದು. ಇದ್ದಿಲು, ಒಡೆದ ಹಂಚಿನ ಚೂರು, ಒಂದಿಷ್ಟು ತೆಂಗಿನ ಸಿಪ್ಪೆಯ ತುಂಡು. ತಳದಲ್ಲೂ ಬದಿಯಲ್ಲೂ ತೂತುಗಳಿರುವ ಕುಂಡ. ಹಂಚಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಮುಂಜಾನೆಯ ಬಿಸಿಲು ಬೀಳುವ ಪೂರ್ವದ ಜಗಲಿ ಒಳ್ಳೆಯದು. ತಾರಸಿಯಾದರೆ ಅರ್ಧ ಬಿಸಿಲನ್ನು ತಡೆಯುವ ಹಸುರು ಬಲೆ ಬೇಕು. ಸಾಕೋ ಹೆಚ್ಚೋ ಎಂಬುದನ್ನು ಎಲೆಯೇ ಹೇಳುತ್ತದೆ: ಕಡುಹಸುರಾದರೆ ಬೆಳಕು ಸಾಲದು, ಹಳದಿ ಬೆರೆತ ಹಸುರು ಸರಿ, ಕೆಂಪಾದರೆ ಮಿತಿ ಮುಟ್ಟಿತು. ಬೇರು ಬೆಳ್ಳಗಾದ ಮೇಲೆಯೇ ನೀರು, ಅದೂ ಬೆಳಿಗ್ಗೆ. ಮಧ್ಯಾಹ್ನ ಗಿಡಕ್ಕಲ್ಲ, ಅದರ ಕೆಳಗಿನ ನೆಲಕ್ಕೆ ನೀರು ಚಿಮುಕಿಸಿದರೆ ಗಾಳಿ ತೇವವಾಗುತ್ತದೆ. ಬಯಲುಸೀಮೆಯ ಕೊಳವೆಬಾವಿಯ ಗಡಸುನೀರು ಬೇರಿನ ಮೇಲೆ ಉಪ್ಪು ಕಟ್ಟುತ್ತದೆ. ಮಳೆನೀರನ್ನು ಕೂಡಿಟ್ಟುಕೊಂಡವರು ಜಾಣರು. ಗೊಬ್ಬರ ವಾರಕ್ಕೊಮ್ಮೆ, ಲೀಟರಿಗೆ ಒಂದು ಗ್ರಾಮಿಗಿಂತ ಕಡಿಮೆ. ನಮ್ಮ ಕರಾವಳಿಯಲ್ಲಿ ಆಷಾಢದ ಕೊಳೆಯೇ ದೊಡ್ಡ ಶತ್ರುವಾದ್ದರಿಂದ ಕುಂಡಗಳು ಆಗ ಮಾಡಿನ ಕೆಳಗೆ ಬರಬೇಕು.

ಕಾಡಿನಿಂದ ಕಿತ್ತು ತಂದು ರಸ್ತೆಬದಿಯಲ್ಲಿ ಮಾರುವ ಗಿಡವನ್ನು ಮಾತ್ರ ಕೊಳ್ಳಬೇಡಿ. ಆರ್ಕಿಡ್ಡಿನ ಬೀಜ ಧೂಳಿನಂಥದು, ಒಳಗೆ ಬುತ್ತಿಯಿಲ್ಲ. ಒಂದು ಬಗೆಯ ಶಿಲೀಂಧ್ರ ಉಣಿಸಿದರೆ ಮಾತ್ರ ಮೊಳೆಯುತ್ತದೆ. ಸಾವಿರಾರು ಬೀಜಗಳಲ್ಲಿ ಒಂದು ನಿಂತು ಹೂಬಿಡಲು ವರ್ಷಗಳು ಬೇಕು. ಶಿಲೀಂಧ್ರದ ಹಂಗಿಲ್ಲದೆ ಸಕ್ಕರೆ ಬೆರೆತ ಅಗರಿನ ಮೇಲೆ ಅದನ್ನು ಮೊಳೆಸಬಹುದೆಂದು ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ತೋರಿಸಿದ. ಅಂದಿನಿಂದ ಬಂದ ಪ್ರಯೋಗಶಾಲೆಯ ವಿದ್ಯೆಯಿಂದಲೇ ಇಂದು ನರ್ಸರಿಯಲ್ಲಿ ಮಧ್ಯಮವರ್ಗದ ಕೈಗೆಟಕುವ ಬೆಲೆಗೆ ಗಿಡ ಸಿಗುತ್ತಿರುವಾಗ ಕಾಡನ್ನು ಬೋಳಿಸುವ ಅಗತ್ಯವಾದರೂ ಏನು? ಕೊಲ್ಲೂರಿನ ಸುತ್ತಲ ಕಾಡು 1974ರಿಂದ ಮೂಕಾಂಬಿಕಾ ವನ್ಯಧಾಮ. ಅದರ ಹೊರಗೆ ಹಾಡಿ, ಹಕ್ಕಲುಗಳ ಹಳೆಯ ಮರಗಳು ಹೋಗಿ ರಬ್ಬರ್ ಬಂದಲ್ಲಿ ನಾನು ಒಂದು ದಂಡೆಯನ್ನೂ ಕಂಡಿಲ್ಲ.

ಕಳೆದ ಮಳೆಗಾಲದಲ್ಲಿ ಮನೆಯಾಕೆಯ ತವರಿನ ಆ ಮಾವಿನ ಮರ ಗಾಳಿಗೆ ಉರುಳಿತು. ಕೊಂಬೆಗಳು ಸೌದೆಯಾಗುವ ಮೊದಲು ಹೋಗಿ ಮೂರು ಸೀತೆದಂಡೆಗಳನ್ನು ತೊಗಟೆಯ ಸಮೇತ ಬಿಡಿಸಿ ತಂದು, ನಮ್ಮ ಅಂಗಳದ ಹಲಸಿನ ಕಾಂಡಕ್ಕೆ ತೆಂಗಿನ ನಾರಿನ ಹಗ್ಗದಿಂದ ಕಟ್ಟಿದೆವು. ಒರಟು ತೊಗಟೆಯ ಮರವಾಗಬೇಕು. ಪೇರಳೆಯಂತೆ ಸಿಪ್ಪೆ ಕಳಚುವ ಮರ ಆಗದು. ಗಿಡ ಅಲುಗಾಡಿದರೆ ಬೇರಿನ ಎಳೆಯ ತುದಿ ಮುರಿಯುವುದರಿಂದ ಬಿಗಿಯಾಗಿಯೇ ಕಟ್ಟಬೇಕು. ಬೇರು ಹಿಡಿದುಕೊಳ್ಳುವ ಹೊತ್ತಿಗೆ ಹಗ್ಗ ತಾನಾಗಿ ಕೊಳೆತು ಬೀಳುತ್ತದೆ. ಈ ಸಲ ನೀರೆರೆಯುವ ಅಧಿಕಾರ ನನಗಿಲ್ಲ. ಒಂದು ಗಿಡ ಬಾಡಿತು. ಉಳಿದೆರಡು ಈ ವರ್ಷ ಹೂ ಬಿಡಲಿಲ್ಲ. ಮೊನ್ನೆ ಅವಳು ಕರೆದು ತೋರಿಸಿದಳು: ಹಸುರು ತುದಿಯ ಹೊಸ ಬೇರೊಂದು ಹಗ್ಗವನ್ನು ದಾಟಿ ಹಲಸಿನ ತೊಗಟೆಯನ್ನು ಮುಟ್ಟಿದೆ.